ಬೋರ್ ನೀರಲ್ಲಿ ಬೇಳೆ ಬೇಯ್ತಿಲ್ವಾ?

ರಾತ್ರಿಯೇ ಆ ನೀರನ್ನು ಹತ್ತು ನಿಮಿಷ ಚೆನ್ನಾಗಿ ಕುದಿಸಿ ಮುಚ್ಚಿಡಿ. ಬೆಳಿಗ್ಗೆ ಪಾತ್ರೆ ಅಲುಗಾಡಿಸದೆ ಮೇಲಿನ ತಿಳಿನೀರನ್ನಷ್ಟೇ ಬಗ್ಗಿಸಿಕೊಂಡು ತೊಗರಿಬೇಳೆಗೆ ಹಾಕಿ. ಕುದಿಸಿದಾಗ ನೀರಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬನೇಟ್ ಬಿಳಿ ಪುಡಿಯಾಗಿ ತಳಕ್ಕಿಳಿಯುತ್ತದೆ. ಬೇಳೆಯನ್ನು ಮೆತ್ತಗಾಗಲು ಬಿಡದಿರುವುದು ಈ ಕ್ಯಾಲ್ಸಿಯಮ್ಮೇ. (ಗೀಸರ್ ಕಾಯಿಲ್‌ಗೆ ಕಟ್ಟುವ ಬಿಳಿ ಪದರವೂ ಹೀಗೇ ಆಗೋದು.) ಆದರೆ ಸಲ್ಫೇಟ್, ಕ್ಲೋರೈಡ್‌ನಿಂದ ಬಂದ ಗಡಸುತನ ಎಷ್ಟು ಕುದಿಸಿದರೂ ಹೋಗಲ್ಲ. ಕುದಿಸಿ ಆರಿಸಿದ ನೀರಲ್ಲೂ ಸೋಪು ನೊರೆ ಬರದಿದ್ದರೆ ನಿಮ್ಮದು ಆ ಥರದ ನೀರು. ಸುಮ್ನೆ ಗ್ಯಾಸ್ ಯಾಕೆ ಸುಡ್ತೀರಿ, ಬೇಳೆಗೆ ಮಾತ್ರ ಒಂದು ಬಿಂದಿಗೆ ಕಾವೇರಿ ನೀರು ಹಿಡಿದಿಡಿ. ಹಾಂ, ಬೋರ್ ನೀರಲ್ಲಿ ನೈಟ್ರೇಟ್ ಇದ್ದರೆ ಅದೂ ಕುದಿಸಿದರೆ ಹೋಗಲ್ಲ. ಹಾಗಾಗಿ ಪರೀಕ್ಷೆ ಮಾಡಿಸದೆ ಕುಡಿಯಲು ಬಳಸಬೇಡಿ.