ಹೆಬ್ಬೆರಳ ಗಂಟು: ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ತೀರ್ಮಾನಿಸುವುದು ಹೇಗೆ?

ದಾವಣಗೆರೆಯ ಮಂಡಿಪೇಟೆಯ ಅಂಗಡಿಗಳಲ್ಲಿ ದಿನವಿಡೀ ನಿಂತು ವ್ಯಾಪಾರ ಮಾಡುವವರು, ಬೆಣ್ಣೆದೋಸೆ ಹೋಟೆಲಿನಲ್ಲಿ ಹೆಂಚಿನ ಮುಂದೆ ನಿಂತವರು, ತರಗತಿಯಿಂದ ತರಗತಿಗೆ ಓಡಾಡುವ ಶಿಕ್ಷಕಿಯರು. ಇಂಥವರಲ್ಲಿ ಹಲವರು ಕಾಲಿನ ಹೆಬ್ಬೆರಳ ಬುಡದಲ್ಲಿ ಎದ್ದ ಗಂಟೊಂದನ್ನು ವರ್ಷಗಟ್ಟಲೆ ಸಹಿಸಿಕೊಂಡಿರುತ್ತಾರೆ. ನೋವು ಮಿತಿಮೀರಿದ ದಿನ ಮಾತ್ರ ‘ಆಪರೇಷನ್ ಮಾಡಿಸಿಬಿಡೋಣ’ ಎನ್ನುತ್ತಾರೆ. ಮರುದಿನ ಮಾತು ಅಲ್ಲಿಗೇ ನಿಲ್ಲುತ್ತದೆ.

ಬನಿಯನ್ ಎಂದು ಕರೆಯುವ ಈ ಗಂಟು ಹೆಚ್ಚುವರಿಯಾಗಿ ಬೆಳೆದ ಮೂಳೆಯಲ್ಲ. ಪಾದದ ಮೊದಲನೇ ಉದ್ದ ಮೂಳೆ ಇನ್ನೊಂದು ಕಾಲಿನ ಕಡೆಗೆ ಸರಿದು, ಹೆಬ್ಬೆರಳು ಎರಡನೇ ಬೆರಳಿನತ್ತ ವಾಲಿದಾಗ, ಅವೆರಡೂ ಕೂಡುವ ಕೀಲು ಹೊರಕ್ಕೆ ಚಾಚಿಕೊಳ್ಳುತ್ತದೆ. ಹಾಗಾಗಿ ಗಂಟನ್ನು ಕೆತ್ತಿ ತೆಗೆದರೆ ಸಾಲದು. ಸಾಮಾನ್ಯವಾಗಿ ಮೂಳೆಯನ್ನೇ ಕತ್ತರಿಸಿ, ಸಾಲಿಗೆ ತಂದು, ಸ್ಕ್ರೂ ಹಾಕಿ ನಿಲ್ಲಿಸಬೇಕಾಗುತ್ತದೆ. ಇದು ತುರ್ತು ಚಿಕಿತ್ಸೆಯಲ್ಲ. ಯೋಚಿಸಲು ಸಮಯವಿದೆ, ಆ ಸಮಯವನ್ನು ಬಳಸಿಕೊಳ್ಳಿ.

ಮೊದಲು ನೋವಿನ ಮೂಲ ಗುರುತಿಸಿ

ಗಂಟಿದೆ, ನೋವೂ ಇದೆ ಎಂದಮಾತ್ರಕ್ಕೆ ಗಂಟಿನಿಂದಲೇ ನೋವು ಎನ್ನಲಾಗದು. ರಾತ್ರೋರಾತ್ರಿ ಕೀಲು ಕೆಂಪಾಗಿ ಊದಿ, ಹೊದಿಕೆ ತಾಗಿದರೂ ಜೀವ ಹೋಗುವಂತಾದರೆ ಅದು ಯೂರಿಕ್ ಆಮ್ಲ ಹೆಚ್ಚಾಗಿ ಬರುವ ಗೌಟ್ ಇರಬಹುದು. ಬೆಳಗ್ಗೆ ಎದ್ದಾಗ ಕೈಬೆರಳುಗಳೂ ಬಿಗಿದುಕೊಂಡಿದ್ದರೆ ಸಂಧಿವಾತದ ಪರೀಕ್ಷೆ ಆಗಬೇಕು. ಹೆಬ್ಬೆರಳನ್ನು ಮೇಲಕ್ಕೆ ಬಗ್ಗಿಸಿದಾಗ ಕೀಲಿನ ಒಳಗೇ ಚುಚ್ಚಿದರೆ ಕೀಲು ಸವೆದಿರುವ ಸಂಭವವಿದೆ. ಬನಿಯನ್ನಿನ ನೋವು ಹೆಚ್ಚಾಗಿ ಚಪ್ಪಲಿ ಒತ್ತುವ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಒಂದು ತಿಂಗಳು ಪುಟ್ಟ ಪುಸ್ತಕದಲ್ಲಿ ಬರೆದಿಡಿ: ಯಾವ ಪಾದರಕ್ಷೆ, ಎಷ್ಟು ಹೊತ್ತು ನಿಂತಿದ್ದು, ಎಲ್ಲಿ ನೋವು, ಬರಿಗಾಲಲ್ಲೂ ನೋವಿತ್ತೇ. ವೈದ್ಯರ ಮುಂದೆ ಐದು ನಿಮಿಷದಲ್ಲಿ ನೆನಪಾಗದ ಸಂಗತಿಗಳು ಅಲ್ಲಿರುತ್ತವೆ.

ಚಪ್ಪಲಿಯನ್ನು ಅಳೆಯಿರಿ

ಈ ಹಂತವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಮುಖ್ಯವಾದದ್ದು ಇದೇ. ಸಂಜೆ ಹೊತ್ತು, ಪಾದ ತುಸು ಊದಿಕೊಂಡಿರುವಾಗ, ಹಳೆಯ ದಿನಪತ್ರಿಕೆಯ ಮೇಲೆ ಪೂರ್ತಿ ಭಾರ ಹಾಕಿ ನಿಂತುಕೊಳ್ಳಿ. ಮನೆಯಲ್ಲಿ ಯಾರಾದರೂ ಪೆನ್ಸಿಲ್ಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಯಲಿ. ಆ ಆಕಾರವನ್ನು ಕತ್ತರಿಸಿ, ದಿನವೂ ತೊಡುವ ಶೂ ಅಥವಾ ಚಪ್ಪಲಿಯ ಮೇಲಿಡಿ. ಗಂಟಿನ ಭಾಗದ ಕಾಗದ ಅಂಚಿನಿಂದಾಚೆ ಇಣುಕಿದರೆ, ಪ್ರತಿ ಹೆಜ್ಜೆಗೂ ನಿಮ್ಮ ಕೀಲು ಅಲ್ಲಿ ಜಜ್ಜಿಹೋಗುತ್ತಿದೆ ಎಂದೇ ಅರ್ಥ. ಆ ಕಾಗದವನ್ನು ಅಂಗಡಿಗೇ ಒಯ್ಯಿರಿ. ಮುಂಭಾಗ ಅಗಲವಿರುವ, ಮೆತ್ತನೆಯ ಮೇಲ್ಪದರದ, ಎತ್ತರದ ಹಿಮ್ಮಡಿಯಿಲ್ಲದ ಪಾದರಕ್ಷೆ ಬೇಕು. ಹೆಬ್ಬೆರಳಿಗೆ ಬಿಗಿ ಕುಣಿಕೆ ಇರುವ ಚಪ್ಪಲಿ ಬೇಡ.

ಕಾಲುಂಗುರವನ್ನೂ ಗಮನಿಸಿ. ವಾಲಿದ ಹೆಬ್ಬೆರಳು ಎರಡನೇ ಬೆರಳಿಗೆ ಒತ್ತಿಕೊಂಡಾಗ ಉಂಗುರ ನಡುವೆ ಸಿಕ್ಕಿ ಚರ್ಮ ಕೆಂಪಾಗುತ್ತದೆ, ಕೆಲವೊಮ್ಮೆ ಹುಣ್ಣಾಗುತ್ತದೆ. ಮಧುಮೇಹವಿದ್ದು ಪಾದದ ಸ್ಪರ್ಶ ಮಂದವಾಗಿದ್ದರೆ ಆ ಹುಣ್ಣು ಗೊತ್ತೇ ಆಗುವುದಿಲ್ಲ. ತೆಳುವಾದ, ನುಣುಪಾದ ಉಂಗುರಕ್ಕೆ ಬದಲಾಯಿಸಿ ಅಥವಾ ಕೆಲಕಾಲ ತೆಗೆದಿಡಿ. ಮನೆಯ ಹಿರಿಯರಿಗೆ ಕಾರಣ ವಿವರಿಸಿದರೆ ಅವರೂ ಒಪ್ಪುತ್ತಾರೆ.

ಬೆರಳುಗಳ ನಡುವೆ ಇಡುವ ಸಿಲಿಕೋನ್ ತುಂಡು ಉಜ್ಜಾಟ ತಪ್ಪಿಸುತ್ತದೆ. ರಾತ್ರಿ ಕಟ್ಟಿಕೊಂಡು ಮಲಗುವ ಪಟ್ಟಿಗಳು ಬೆರಳನ್ನು ನೇರ ಮಾಡುತ್ತವೆ ಎಂದು ಆನ್‌ಲೈನ್ ಜಾಹೀರಾತು ಹೇಳುತ್ತದೆ. ವಯಸ್ಕರಲ್ಲಿ ಪಟ್ಟಿ ಬಿಚ್ಚಿದೊಡನೆ ಬೆರಳು ಮತ್ತೆ ಹಳೆಯ ಜಾಗಕ್ಕೇ ಮರಳುತ್ತದೆ, ಅದಕ್ಕೆ ಹಣ ಸುರಿಯಬೇಡಿ. ಈ ಬದಲಾವಣೆಗಳೊಂದಿಗೆ ಮೂರರಿಂದ ಆರು ತಿಂಗಳು ಕಳೆಯಿರಿ. ಎಷ್ಟೋ ಜನರ ನೋವು ಇಷ್ಟಕ್ಕೇ ತಹಬಂದಿಗೆ ಬರುತ್ತದೆ, ಗಂಟು ಮಾತ್ರ ಹಾಗೇ ಇರುತ್ತದೆ.

ನಿಂತುಕೊಂಡೇ ಎಕ್ಸ್-ರೇ

ನೋವು ಉಳಿದರೆ ಮೂಳೆ ತಜ್ಞರನ್ನು ಕಾಣಿ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲೂ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲೂ ಮೂಳೆ ವಿಭಾಗವಿದೆ. ಪಾದದ ಮೇಲೆ ಭಾರ ಬಿದ್ದಾಗಲೇ ಮೂಳೆಗಳ ನಿಜವಾದ ಓರೆ ತಿಳಿಯುವುದರಿಂದ ಎಕ್ಸ್-ರೇಯನ್ನು ನಿಂತುಕೊಂಡೇ ತೆಗೆಸಬೇಕು. ಹೆಬ್ಬೆರಳ ಓರೆ 15 ಡಿಗ್ರಿಯೊಳಗಿದ್ದರೆ ಸಹಜ. ಸುಮಾರು 20ರವರೆಗೆ ಅಲ್ಪ, 40 ದಾಟಿದರೆ ತೀವ್ರ. ಆದರೆ ಈ ಅಂಕಿ ಯಾವ ಬಗೆಯ ಶಸ್ತ್ರಚಿಕಿತ್ಸೆ ಎಂಬುದನ್ನು ನಿರ್ಧರಿಸಲು ನೆರವಾಗುತ್ತದೆಯೇ ಹೊರತು, ಬೇಕೋ ಬೇಡವೋ ಎಂಬುದನ್ನಲ್ಲ. ಓರೆ ಎಷ್ಟೇ ಇರಲಿ, ನೋವಿಲ್ಲದ ಕಾಲನ್ನು ಅಂದಕ್ಕಾಗಿ ಕೊಯ್ಯಿಸಿಕೊಳ್ಳುವುದು ಸರಿಯಲ್ಲ.

ಏನು ಸಿಗುತ್ತದೆ, ಏನು ಹೋಗುತ್ತದೆ

ಅಲ್ಪ ಮತ್ತು ಮಧ್ಯಮ ಓರೆಗೆ ಮೂಳೆಯನ್ನು ಕತ್ತರಿಸಿ ಸರಿಸುತ್ತಾರೆ. ಕೀಲು ಪೂರ್ತಿ ಸವೆದಿದ್ದರೆ ಅದನ್ನು ಬೆಸೆದುಬಿಡುವುದೂ ಉಂಟು. ಬೆಸೆದರೆ ನೋವು ಹೋಗುತ್ತದೆ, ಆದರೆ ಆ ಕೀಲು ಇನ್ನೆಂದೂ ಬಾಗುವುದಿಲ್ಲ. ನಮ್ಮ ಬದುಕಿನಲ್ಲಿ ಇದು ಸಣ್ಣ ಸಂಗತಿಯಲ್ಲ. ನೆಲದ ಮೇಲೆ ಕುಳಿತು ರೊಟ್ಟಿ ತಟ್ಟಿ ಏಳುವಾಗ, ಹೊಲದಲ್ಲಿ ಕುಕ್ಕರಗಾಲಲ್ಲಿ ಕಳೆ ಕೀಳುವಾಗ, ದೇವಸ್ಥಾನದಲ್ಲಿ ಮಂಡಿಯೂರಿ ಮೇಲೇಳುವಾಗ ದೇಹದ ಭಾರ ಬಾಗಿದ ಹೆಬ್ಬೆರಳಿನ ಮೇಲೆ ಬೀಳುತ್ತದೆ. ಬೆಸೆಯದಿದ್ದರೂ ಕೀಲು ತುಸು ಬಿಗಿಯಾಗುವುದುಂಟು. ಆದ್ದರಿಂದ ನಿಮ್ಮ ದಿನಚರಿಯನ್ನು ವೈದ್ಯರಿಗೆ ಬಿಡಿಸಿ ಹೇಳಿ, ‘ಡಾಕ್ಟರೇ, ನಾನು ಮತ್ತೆ ಕುಕ್ಕರಗಾಲಲ್ಲಿ ಕೂರಬಹುದೇ?’ ಎಂದು ನೇರವಾಗಿ ಕೇಳಿ. ಗಂಟು ಮರುಕಳಿಸುವುದು, ಬೆರಳ ಬದಿ ಜೋಮು ಹಿಡಿಯುವುದು, ಸೋಂಕು, ಪಕ್ಕದ ಬೆರಳಿನ ಬುಡಕ್ಕೆ ನೋವು ವರ್ಗವಾಗುವುದು ಇವುಗಳ ಬಗ್ಗೆಯೂ ಕೇಳಲೇಬೇಕು.

ಮಧುಮೇಹಿಗಳ ಸಕ್ಕರೆ ಹತೋಟಿಯಲ್ಲಿರಬೇಕು, ಪಾದದ ರಕ್ತಸಂಚಾರದ ಪರೀಕ್ಷೆ ಆಗಿರಬೇಕು. ಬೀಡಿ, ಸಿಗರೇಟು ಮೂಳೆ ಕೂಡುವುದನ್ನು ತಡಮಾಡುತ್ತವೆ. ಹದಿಹರೆಯದವರಲ್ಲಿ ಮೂಳೆಯ ಬೆಳವಣಿಗೆ ಮುಗಿಯುವವರೆಗೆ ಸಾಮಾನ್ಯವಾಗಿ ಕಾಯುತ್ತಾರೆ.

ಮನೆಯವರೊಂದಿಗೆ ಕೂತು ಮಾತಾಡಿ

ಮೂಳೆ ಕೂಡಲು ಸುಮಾರು ಆರು ವಾರ ಬೇಕು. ಹಲವು ಬಗೆಯ ಚಿಕಿತ್ಸೆಯಲ್ಲಿ ಹಿಮ್ಮಡಿಗೆ ಭಾರ ಕೊಡುವ ವಿಶೇಷ ಶೂ ತೊಟ್ಟು ಬೇಗನೆ ನಡೆಸುತ್ತಾರೆ. ಆದರೆ ಮೊದಲ ಎರಡು ವಾರ ಆ ನಡಿಗೆ ಬಚ್ಚಲಿಗೆ, ಊಟಕ್ಕೆ ಸಾಕಾಗುವಷ್ಟೇ. ಉಳಿದ ಹೊತ್ತು ಕಾಲನ್ನು ದಿಂಬಿನ ಮೇಲಿಟ್ಟು ಮಲಗಿರಬೇಕು. ಕೂತು ಮಾಡುವ ಕೆಲಸಕ್ಕೆ ಕೆಲವು ವಾರಗಳಲ್ಲಿ ಮರಳಬಹುದು, ನಿಂತು ಮಾಡುವ ಕೆಲಸಕ್ಕೆ ಎರಡು ಮೂರು ತಿಂಗಳು ಹಿಡಿಯುತ್ತದೆ. ಊತ ಆರು ತಿಂಗಳು, ಕೆಲವರಿಗೆ ವರ್ಷದವರೆಗೂ ಇರುತ್ತದೆ. ಈ ದಿನಗಳಲ್ಲಿ ಒಲೆಯ ಮುಂದೆ ಯಾರು ನಿಲ್ಲುತ್ತಾರೆ, ನೀರು ಯಾರು ತುಂಬುತ್ತಾರೆ, ಭಾರತೀಯ ಶೈಲಿಯ ಶೌಚಾಲಯವಿದ್ದರೆ ಕಮೋಡ್ ಕುರ್ಚಿ ಎಲ್ಲಿಂದ ತರುತ್ತೀರಿ ಎಂಬುದು ಮೊದಲೇ ಇತ್ಯರ್ಥವಾಗಲಿ. ಮನೆಯ ಹೆಂಗಸರಿಗೆ ಎರಡು ವಾರವೂ ವಿಶ್ರಾಂತಿ ಸಿಗದಿದ್ದರೆ ಒಳ್ಳೆಯ ಶಸ್ತ್ರಚಿಕಿತ್ಸೆಯೂ ಕೆಡುತ್ತದೆ. ಇದನ್ನು ಗಂಡಸರು ಓದಲಿ ಎಂದೇ ಬರೆಯುತ್ತಿದ್ದೇನೆ. ಎರಡೂ ಕಾಲಿಗೆ ಒಟ್ಟಿಗೆ ಮಾಡಿಸುವುದಾದರೆ ಪರರ ನೆರವು ಇನ್ನೂ ಹೆಚ್ಚು ಬೇಕು.

ಸರಿಯಾದ ಪಾದರಕ್ಷೆ ತೊಟ್ಟು ತಿಂಗಳುಗಳೇ ಕಳೆದರೂ ನೋವು ದಿನದ ಕೆಲಸವನ್ನು ಕಸಿಯುತ್ತಿದ್ದರೆ, ಮನೆಯವರೂ ಸಿದ್ಧವಿದ್ದರೆ, ಹೂಂ ಎನ್ನಲು ಹಿಂಜರಿಯಬೇಕಿಲ್ಲ. ಮಳೆಯಾಶ್ರಿತ ಮೆಕ್ಕೆಜೋಳ ಬೆಳೆಯುವವರು ಕೊಯ್ಲು ಮುಗಿದ ಮೇಲೆ ದಿನ ಗೊತ್ತು ಮಾಡಿಕೊಂಡರೆ, ಮುಂಗಾರಿನ ಕೆಸರಿಗೆ ಇಳಿಯುವ ಹೊತ್ತಿಗೆ ಕಾಲು ಗಟ್ಟಿಯಾಗಿರುತ್ತದೆ. ದಾಖಲಾಗುವ ಮುನ್ನವೇ ರೇಷನ್ ಕಾರ್ಡ್ ಮತ್ತು ಆಧಾರ್ ಹಿಡಿದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಂಡು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನಿಮಗೆ ಎಷ್ಟು ನೆರವು ಸಿಗುತ್ತದೆ, ಸ್ಕ್ರೂಗಳ ಖರ್ಚು ಯಾರದು ಎಂದು ವಿಚಾರಿಸಿಕೊಳ್ಳಿ.