ದಾಸವಾಳ ಸವರಲು ಮನಸ್ಸು ಬಾರದವರಿಗೆ

ನಮ್ಮನೆಯ ಕೆಂಪು ದಾಸವಾಳಕ್ಕೆ ಕತ್ತರಿ ಹಾಕಲು ಹೊರಟಾಗಲೆಲ್ಲ ಅತ್ತೆ ಬಾಗಿಲಿಗೆ ಬರುತ್ತಾರೆ. ‘ಹೂ ಬಿಡೋ ಗಿಡಾನ ಯಾಕೆ ಕಡೀತೀಯಾ? ನಾಳೆ ಪೂಜೆಗೆ ಏನ್ ಮಾಡ್ಲಿ?’ ಪ್ರಶ್ನೆ ನ್ಯಾಯವಾದದ್ದೇ. ಈ ಹೂವಿಗೆ ಒಂದೇ ದಿನದ ಆಯಸ್ಸು, ಕೊಯ್ದಿಟ್ಟು ವಾರ ನಡೆಸುವಂತಿಲ್ಲ. ಆದರೆ ಸವರದೇ ಬಿಟ್ಟ ಗಿಡ ಬುಡದಲ್ಲಿ ಬೋಳಾಗಿ, ಕೊಕ್ಕೆಕೋಲಿಗೂ ಎಟುಕದ ಕಡೆ ನಾಲ್ಕು ಹೂ ಬಿಡುತ್ತದೆ. ದಾಸವಾಳ ಮೊಗ್ಗು ಕಟ್ಟುವುದು ಹೊಸ ಚಿಗುರಿನಲ್ಲಿ. ಟಿಸಿಲು ಹೆಚ್ಚಿದಷ್ಟೂ ಹೂ ಹೆಚ್ಚು.

ಅತ್ತೆಗೂ ನನಗೂ ಆದ ರಾಜಿ ಹೀಗಿದೆ: ಒಂದೇ ಸಲ ಇಡೀ ಗಿಡ ಸವರುವುದಿಲ್ಲ. ಚಳಿ ಇಳಿಯುವ ಫೆಬ್ರುವರಿಯಲ್ಲಿ ಮೂರರಲ್ಲೊಂದು ಪಾಲು ಕೊಂಬೆ, ಮಾರ್ಚ್‌ ಮೊದಲಲ್ಲಿ ಇನ್ನೊಂದು ಪಾಲು, ಉಳಿದದ್ದು ಜೂನ್‌ನಲ್ಲಿ ಮಳೆ ಹಿಡಿದ ಮೇಲೆ. ಕತ್ತರಿಸಿದ ಕೊಂಬೆ ಮತ್ತೆ ಹೂ ಬಿಡಲು ಎರಡು–ಮೂರು ತಿಂಗಳು ಬೇಕು. ಜೂನ್‌ನಲ್ಲಿ ಸವರಿದ್ದು ಹೆಚ್ಚುಕಮ್ಮಿ ಗಣೇಶನ ಹಬ್ಬಕ್ಕೆ ಒದಗುತ್ತದೆ. ಒಮ್ಮೆ ಏಪ್ರಿಲ್‌ನಲ್ಲಿ ಪೂರ್ತಿ ಬೋಳಿಸಿದ್ದೆ. ನೆರಳಿಲ್ಲದೆ ತೊಗಟೆ ಸುಟ್ಟು, ಬಂದ ಚಿಗುರೂ ಕರಕಲಾಯಿತು. ಅತ್ತೆ ಅದನ್ನು ಇನ್ನೂ ಮರೆತಿಲ್ಲ.

ಮೊದಲು ಒಣಗಿದ, ಒಂದಕ್ಕೊಂದು ಉಜ್ಜುವ, ಒಳಮುಖವಾಗಿ ಬೆಳೆದ ಕಡ್ಡಿಗಳನ್ನು ತೆಗೆಯಿರಿ. ಆಮೇಲೆ ಉದ್ದ ಕೊಂಬೆಗಳ ಮೂರನೇ ಒಂದು ಭಾಗವನ್ನು ಇಳಿಸಿ. ಎಲ್ಲಿ ಕತ್ತರಿಸಬೇಕು? ಎಲೆಯ ತೊಟ್ಟು ಕೊಂಬೆಗೆ ಕೂಡುವ ಗೆಣ್ಣಿನಲ್ಲಿ ಸಾಸಿವೆಯಷ್ಟು ಮೊಗ್ಗೊಂದು ಕೂತಿರುತ್ತದೆ. ಅದು ಗಿಡದ ಹೊರಗಡೆಗೆ ಮುಖ ಮಾಡಿರುವ ಗೆಣ್ಣನ್ನು ಹುಡುಕಿ, ಅದರ ಮೇಲೆ ಅರ್ಧ ಸೆಂ.ಮೀ. ಬಿಟ್ಟು ಓರೆಯಾಗಿ ಕತ್ತರಿಸಿ. ಕತ್ತರಿ ಹರಿತವಾಗಿರಲಿ. ದಾಸವಾಳದ ತೊಗಟೆ ಬರೀ ನಾರು, ಮೊಂಡು ಅಲಗಿಗೆ ಸಿಕ್ಕರೆ ದಾರದಂತೆ ಕೆಳಗಿನವರೆಗೂ ಸುಲಿದು ಬರುತ್ತದೆ.

ಕತ್ತರಿಸಿದ್ದನ್ನು ಎಸೆಯಬೇಡಿ. ಪೆನ್ಸಿಲ್ ದಪ್ಪದ, ಆರು ಇಂಚಿನ ಕಡ್ಡಿಗೆ ತುದಿಯ ಎರಡು ಎಲೆ ಉಳಿಸಿ, ಮರಳು–ಗೊಬ್ಬರ ಬೆರೆಸಿದ ಕವರಿನಲ್ಲಿ ನೆಟ್ಟು ನೆರಳಲ್ಲಿಡಿ. ಬೇರು ಬಂತೇ ಎಂದು ಕಿತ್ತು ನೋಡುವ ಚಪಲ ಬೇಡ. ಸವರಿದ ಗಿಡದ ಬುಡಕ್ಕೆ ಎರಡು ಬೊಗಸೆ ಕೊಟ್ಟಿಗೆ ಗೊಬ್ಬರ, ಮೇಲೆ ಒಣಎಲೆ ಹೊದಿಕೆ. ಅಷ್ಟು ಸಾಕು.

ನಿಜವಾದ ಕೆಲಸ ಚಿಗುರು ಬಂದ ಮೇಲೆ. ಎಳೆ ಚಿಗುರೆಂದರೆ ಹಿಟ್ಟು ತಿಗಣೆಗೆ ಹಬ್ಬ. ಹತ್ತಿ ಅಂಟಿದಂತೆ ಕಾಣುವ ಮೊದಲೇ ಅದರ ಸುಳಿವು ಕೊಡುವುದು ಇರುವೆಗಳು. ಕಾಂಡದ ಮೇಲೆ ಅವುಗಳ ಸಾಲು ಹತ್ತಿಳಿಯುತ್ತಿದ್ದರೆ ಎಲೆಯಡಿ ತಿರುವಿ ನೋಡಿ. ತಿಗಣೆ ಸುರಿಸುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಯುತ್ತವೆ, ಹೊಸ ಕೊಂಬೆಗೆ ಹೊತ್ತೂ ಒಯ್ಯುತ್ತವೆ. ಮೊದಲು ನೀರಿನ ರಭಸಕ್ಕೆ ತೊಳೆಯಿರಿ. ಜಗ್ಗದಿದ್ದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಕಲಕಿ, ಬಿಸಿಲಿಳಿದ ಮೇಲೆ ಎಲೆಯಡಿಗೆ ಸಿಂಪಡಿಸಿ. ವಾರ ಬಿಟ್ಟು ಇನ್ನೊಮ್ಮೆ.

ಸಿಂಪಡಿಸುವ ಮುನ್ನ ಆ ಬಿಳಿ ಗುಂಪನ್ನು ಕಡ್ಡಿಯಿಂದ ಕೆದಕಿ ನೋಡಿ. ಅದರಲ್ಲೊಂದು ಉಳಿದವಕ್ಕಿಂತ ದೊಡ್ಡದಿದ್ದು, ಮೈತುಂಬ ಬಿಳಿ ಮೇಣದ ಕುಚ್ಚು ಹೊದ್ದು ಚುರುಕಾಗಿ ಓಡಿದರೆ, ಅದು ತಿಗಣೆಯನ್ನೇ ತಿಂದು ಬೆಳೆಯುವ ಗುಲಗಂಜಿ ಹುಳುವಿನ ಮರಿ. ಅಂದು ಪಂಪನ್ನು ಒಳಗಿಡಿ.