ಕಂಬಿ ಕಡಿಯುವ ಹಂದಿ

ಬೆಳಿಗ್ಗೆ ಫೀಡ್ ಹಾಕಿ ಅರ್ಧ ಗಂಟೆ ಆಗಿರುವುದಿಲ್ಲ, ಶೆಡ್ಡಿನಲ್ಲಿ ಟಕ್ ಟಕ್ ಸದ್ದು ಶುರು. ಗಬ್ಬದ ಹಂದಿಗಳನ್ನು ಆಗ ನಾನು ಒಂಟಿ ಗೂಡುಗಳಲ್ಲಿ ಇಟ್ಟಿದ್ದೆ. 2 ಅಡಿ ಅಗಲ, 7 ಅಡಿ ಉದ್ದ. ಏಳಬಹುದು, ಮಲಗಬಹುದು, ತಿರುಗಿ ನಿಲ್ಲೋಕೆ ಮಾತ್ರ ಆಗುವುದಿಲ್ಲ. ಅದರಲ್ಲಿ ಒಂದು ದೊಡ್ಡ ಹಂದಿ ದಿನಾ ಒಂದೇ ಕಂಬಿಯನ್ನು ಒಂದೇ ಜಾಗದಲ್ಲಿ ಕಡಿದು ಕಡಿದು, ಅಲ್ಲಿ ಬಣ್ಣ ಹೋಗಿ ಕಬ್ಬಿಣ ಫಳಫಳ ಹೊಳೆಯುತ್ತಿತ್ತು. ಪಕ್ಕದ್ದು ಬಾಯಲ್ಲಿ ಏನೂ ಇಲ್ಲದೆ ಸುಮ್ನೆ ಅಗಿಯುತ್ತಿತ್ತು, ಮೂತಿ ತುಂಬ ಬಿಳಿ ನೊರೆ.

ಹಠಮಾರಿ ಅಂದುಕೊಂಡೆ. ನೋಡೋಕೆ ಬಂದ ಪಶುವೈದ್ಯರು ಔಷಧ ಏನೂ ಕೊಡಲಿಲ್ಲ. "ಇದು ತಿಂದು ಮುಗಿಸೋಕೆ ಎಷ್ಟು ಹೊತ್ತು ಬೇಕು?" ಅಂತ ಕೇಳಿದರು, ಅಷ್ಟೇ. ಮರುದಿನ ಗಡಿಯಾರ ಹಿಡಿದು ನಿಂತೆ. 15 ನಿಮಿಷದಲ್ಲಿ ತೊಟ್ಟಿ ಖಾಲಿ! ಗಬ್ಬದ ಹಂದಿ ಕೊಬ್ಬಿದರೆ ಮರಿ ಹಾಕೋಕೆ ಕಷ್ಟ, ಅದಕ್ಕೇ ದಿನಕ್ಕೆ 2.5 ಕಿಲೋ ಅಂತ ಅಳೆದು ಹಾಕುತ್ತಿದ್ದೆ. ಮೈಗೆ ಬೇಕಾದ್ದು ಸಿಗುತ್ತದೆ, ಹೊಟ್ಟೆ ತುಂಬುವುದಿಲ್ಲ. ಬಯಲಲ್ಲಿ ಬಿಟ್ಟರೆ ಎಚ್ಚರ ಇರುವ ಹೆಚ್ಚಿನ ಹೊತ್ತು ಮೂತಿಯಿಂದ ನೆಲ ಕೆದಕುತ್ತಾ ಓಡಾಡುವ ಪ್ರಾಣಿ ಅದು. ಕಾಂಕ್ರೀಟಿನ ಮೇಲೆ ಆ ಮೂತಿಗೆ ಏನು ಕೆಲಸ? ಕಂಬಿ ಸಿಕ್ಕಿತು, ಕಡಿಯಿತು.

ಯುರೋಪ್ ಒಕ್ಕೂಟದಲ್ಲಿ 2013ರಿಂದ, ಗಂಡಿನ ಜೊತೆ ಕೂಡಿಸಿ 4 ವಾರ ಕಳೆದ ಹಂದಿಗಳನ್ನು ಮರಿ ಹಾಕೋಕೆ ಒಂದು ವಾರ ಇರುವವರೆಗೆ ಗುಂಪಿನಲ್ಲೇ ಇಡಬೇಕು ಅನ್ನುವ ನಿಯಮ ಇದೆ. ಅಷ್ಟು ದೊಡ್ಡ ಫಾರಂಗಳಿಗೆ ಆಗುವುದಾದರೆ ನನಗೇಕೆ ಆಗಬಾರದು ಅಂತ ಗೂಡು ಕೀಳಿಸಿದೆ. ಮೊದಲೆರಡು ದಿನ ಭಯಂಕರ ಜಗಳ, ಕಿವಿ ಭುಜದ ಮೇಲೆಲ್ಲ ಗೀರು. ಸೋತ ಹಂದಿ ಓಡಿಹೋಗಿ ನಿಲ್ಲೋಕೆ ಒಂದು ಮರೆ ಬೇಕು ಅನ್ನುವುದು ನನಗೆ ಹೊಳೆದಿರಲಿಲ್ಲ, ಅಡ್ಡಗೋಡೆ ಆಮೇಲೆ ಕಟ್ಟಿಸಿದ್ದು. ಫೀಡಿನ ಜೊತೆ ನಾರು ಜಾಸ್ತಿ ಇರುವ ಮೇವು ಕೊಟ್ಟೆ, ನೆಲಕ್ಕೆ ಒಣಹುಲ್ಲು ಹಾಕಿದೆ. ಹುಲ್ಲಿನಿಂದ ಚರಂಡಿ ಕಟ್ಟಿಕೊಳ್ಳುತ್ತದೆ ಅನ್ನುವ ದೂರು ನಿಜ. ವಾರಕ್ಕೊಮ್ಮೆ ಬಾಚಬೇಕು, ಬೇರೆ ದಾರಿ ಇಲ್ಲ.

ಬೆಳೆಯುವ ಮರಿಗಳದ್ದು ಬೇರೆ ಕಥೆ, ಬಾಲ ಕಚ್ಚುವುದು. ಒಂದು ಸಂಜೆ ಸುರುಳಿ ಬಾಲಗಳೆಲ್ಲ ಇಳಿದು ಕಾಲ ಸಂದಿಗೆ ಸೇರಿದ್ದವು. ನೋಡಿಯೂ ಸುಮ್ಮನಾದೆ. ಎರಡೇ ದಿನಕ್ಕೆ ಒಂದರ ಬಾಲದಲ್ಲಿ ರಕ್ತ, ಅದನ್ನು ಕಂಡು ಉಳಿದವೂ ಶುರು ಮಾಡಿದವು. ಕಚ್ಚುವುದನ್ನೂ ಕಚ್ಚಿಸಿಕೊಂಡದ್ದನ್ನೂ ಬೇರೆ ಮಾಡಿದೆ. ಸರಪಳಿ ತೂಗುಹಾಕಿದರೆ ಒಂದು ದಿನ ಆಡಿ ಬಿಟ್ಟವು, ನಾರಿನ ಹಗ್ಗ ಹಾಕಿದಾಗ ಬಿಡಲೇ ಇಲ್ಲ. ಅಗಿದರೆ ಅದು ಹರಿಯಬೇಕು, ಆಗಲೇ ಅವಕ್ಕೆ ಖುಷಿ. ಹುಟ್ಟಿದಾಗಲೇ ಬಾಲ ಕತ್ತರಿಸಿಬಿಡಿ ಅನ್ನುವವರಿದ್ದಾರೆ. ಬಾಲ ಹೋದರೆ ಬೇಜಾರು ಹೋಗುತ್ತದೆಯೇ? ಅದು ಅಲ್ಲೇ ಇರುತ್ತದೆ ಅಲ್ವಾ.

ಆ ದೊಡ್ಡ ಹಂದಿ ಮಾತ್ರ ಪೂರ್ತಿ ಸರಿಹೋಗಲಿಲ್ಲ. ಹುಲ್ಲಿನ ಮೇಲೆ ಓಡಾಡಿಕೊಂಡಿದ್ದರೂ ಫೀಡ್ ಮುಗಿದ ಕೂಡಲೇ ಹೋಗಿ ಗೇಟಿನ ಕಂಬಿಗೆ ಬಾಯಿ ಹಾಕುತ್ತಿತ್ತು, ಮೊದಲಿನಷ್ಟು ಹೊತ್ತಲ್ಲ ಅಷ್ಟೇ. ಗೂಡನ್ನೇ ನೋಡದೆ ಬೆಳೆದ ಅದರ ಮಗಳು ಅದೇ ಗೇಟಿನ ಪಕ್ಕ ಹುಲ್ಲು ಕೆದಕುತ್ತಾ ಇರುತ್ತದೆ.